ಮನೆಗೊಂದು ಜೋಡಿಸಿದ ಗಣಕಯಂತ್ರ: ಯಾವ ಭಾಗಕ್ಕೆ ಮೊದಲು ಹಣ, ಯಾವುದು ಮುಂದಕ್ಕೆ?

ಬೆಂಗಳೂರು: ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಕರೆದುಕೊಂಡು ನಗರದ ಎಸ್.ಪಿ. ರಸ್ತೆಯ ಕಿರಿದಾದ ಮಳಿಗೆಗಳ ಮುಂದೆ ನಿಂತು, ಅಂಗಡಿಯವರು ಬರೆದುಕೊಟ್ಟ ಚೀಟಿಯನ್ನು ಮತ್ತೆ ಮತ್ತೆ ಓದುವ ತಂದೆ ತಾಯಂದಿರನ್ನು ಕಾಣುವುದು ಅಪರೂಪವಲ್ಲ. ಚೀಟಿಯಲ್ಲಿ ಎಂಟೋ ಹತ್ತೋ ಸಾಲುಗಳಿರುತ್ತವೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್, ಕೀಲಿಮಣೆ, ಕೊನೆಯಲ್ಲಿ ಒಂದು ಮೊತ್ತ. ಮೊತ್ತವು ಮನೆಯಲ್ಲಿ ಹಾಕಿಕೊಂಡ ಅಂದಾಜನ್ನು ಮೀರಿದಾಗ ಯಾವ ಸಾಲನ್ನು ಕತ್ತರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಬಹುತೇಕರು ತಾವು ಹೆಸರೇ ಕೇಳಿರದ ಭಾಗದಲ್ಲಿ ಉಳಿತಾಯ ಮಾಡಲು ಹೊರಡುತ್ತಾರೆ. ತಪ್ಪು ನಡೆಯುವುದು ಅಲ್ಲಿಯೇ.

ಈ ಪ್ರಶ್ನೆ ಈಚೆಗೆ ಮತ್ತಷ್ಟು ಬಿಗಿಯಾಗಿದೆ. 2025ರ ಕೊನೆಯ ತಿಂಗಳುಗಳಲ್ಲಿ ಗಣಕದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟಲಾಗುತ್ತಿರುವ ಬೃಹತ್ ದತ್ತಾಂಶ ಕೇಂದ್ರಗಳು ಚಿಪ್‌ಗಳನ್ನು ಸಗಟಾಗಿ ಕೊಳ್ಳತೊಡಗಿದ್ದೇ ಇದಕ್ಕೆ ಮುಖ್ಯ ಕಾರಣ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳ ವ್ಯವಹಾರವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅದಕ್ಕೂ ಮುನ್ನ, 2025ರ ಅಕ್ಟೋಬರ್ 14ರಂದು, ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತ್ತು. ಹೀಗಾಗಿ ಹಳೆಯ ಯಂತ್ರವನ್ನು ಬದಲಿಸಬೇಕಾದ ಒತ್ತಡ ಒಂದೆಡೆ, ಹೊಸದರ ದುಬಾರಿ ಬೆಲೆ ಇನ್ನೊಂದೆಡೆ ಎಂಬಂತಾಗಿದೆ.

ಇಂತಹ ಹೊತ್ತಿನಲ್ಲಿ ಜೋಡಿಸಿದ ಗಣಕಯಂತ್ರದ, ಅಂದರೆ ಜನರ ಮಾತಿನ ‘ಅಸೆಂಬಲ್ಡ್ ಕಂಪ್ಯೂಟರ್’ನ, ನಿಜವಾದ ಅನುಕೂಲ ಅರಿವಿಗೆ ಬರುತ್ತದೆ. ಅದನ್ನು ಒಂದೇ ಬಾರಿಗೆ ಪೂರ್ಣವಾಗಿ ಕೊಳ್ಳಬೇಕಾಗಿಲ್ಲ. ಕೈಯಲ್ಲಿ ಹಣ ಕೂಡಿದಂತೆಲ್ಲ ಬೆಳೆಸುತ್ತ ಹೋಗಬಹುದು. ಆದರೆ ಯಾವ ಭಾಗವನ್ನು ಮುಂದೆ ಸೇರಿಸಬಹುದು, ಯಾವುದನ್ನು ಮೊದಲ ದಿನವೇ ಸರಿಯಾಗಿ ಆರಿಸಬೇಕು ಎಂಬುದು ಕೊಳ್ಳುವವರಿಗೆ ತಿಳಿದಿರಬೇಕು.

ಭಾಗಗಳು ಒಂದಕ್ಕೊಂದು ಹೊಂದುವುದೇಕೆ?

ಬೇರೆ ಬೇರೆ ಕಂಪನಿಗಳು ತಯಾರಿಸಿದ ಬಿಡಿಭಾಗಗಳು ಒಂದೇ ಡಬ್ಬದೊಳಗೆ ಕೂಡಿ ಕೆಲಸ ಮಾಡುವುದು ಇಂದು ಸಹಜವೆನಿಸಬಹುದು. ಇದಕ್ಕೊಂದು ಇತಿಹಾಸವಿದೆ. 1975ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ 8800 ಎಂಬ ಗಣಕವನ್ನು ಹವ್ಯಾಸಿಗಳು ಬಿಡಿಭಾಗಗಳ ರೂಪದಲ್ಲಿ ತರಿಸಿಕೊಂಡು ಮನೆಯಲ್ಲಿಯೇ ಬೆಸುಗೆ ಹಾಕಿ ಕಟ್ಟುತ್ತಿದ್ದರು. ಅದರ ಮೂಲ ಮೆಮೊರಿ ಕೇವಲ 256 ಬೈಟ್. ಹೆಚ್ಚು ಬೇಕೆಂದರೆ ಮೆಮೊರಿ ಫಲಕಗಳನ್ನು ಬೇರೆಯಾಗಿ ಕೊಂಡು ಒಳಗಿನ ಕಿಂಡಿಗಳಿಗೆ ಸೇರಿಸಬೇಕಾಗಿತ್ತು.

1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ವೈಯಕ್ತಿಕ ಗಣಕವನ್ನು ಬಿಡುಗಡೆ ಮಾಡಿತು. ಅದರೊಳಗೆ ಐದು ವಿಸ್ತರಣಾ ಕಿಂಡಿಗಳಿದ್ದವು. ಯಂತ್ರದ ವಿದ್ಯುನ್ಮಂಡಲದ ನಕ್ಷೆಗಳನ್ನು ಕಂಪನಿಯು ತಾಂತ್ರಿಕ ಕೈಪಿಡಿಯಲ್ಲಿ ಪ್ರಕಟಿಸಿದ್ದರಿಂದ ಅನ್ಯ ಕಂಪನಿಗಳು ಅದಕ್ಕೆ ಹೊಂದುವ ಕಾರ್ಡ್‌ಗಳನ್ನೂ, ಕ್ರಮೇಣ ಅದನ್ನೇ ಹೋಲುವ ಗಣಕಗಳನ್ನೂ ತಯಾರಿಸಲು ಸಾಧ್ಯವಾಯಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಮಾನದಂಡವು ಮದರ್‌ಬೋರ್ಡ್‌ನ ಅಳತೆ, ಸ್ಕ್ರೂ ರಂಧ್ರಗಳ ಸ್ಥಾನ, ವಿದ್ಯುತ್ ಪೂರೈಕೆಯ ಜೋಡಣೆ ಇವುಗಳನ್ನೆಲ್ಲ ನಿಗದಿಪಡಿಸಿತು. ಅದರ ಮುಂದುವರಿದ ರೂಪವೇ ಇಂದಿಗೂ ಬಳಕೆಯಲ್ಲಿದೆ. ಕ್ಯಾಬಿನೆಟ್ ಒಂದು ಕಂಪನಿಯದು, ಎಸ್‌ಎಂಪಿಎಸ್ ಇನ್ನೊಂದು ಕಂಪನಿಯದು ಆದರೂ ಸ್ಕ್ರೂ ಸರಿಯಾಗಿ ಕೂರುವುದು ಈ ಮಾನದಂಡದಿಂದಲೇ.

ಎಲ್ಲ ಭಾಗಗಳೂ ಎಲ್ಲದಕ್ಕೂ ಹೊಂದುತ್ತವೆ ಎಂದು ಮಾತ್ರ ಭಾವಿಸಬಾರದು.

ಅನುಭವವೊಂದು

2006ರಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಮೊದಲ ಗಣಕ ಬಂದಿತು. ತಂದೆಯವರು ಚೀಟಿ ಎತ್ತಿದ ಹಣ ಅದು. ಪೆಂಟಿಯಂ 4 ಪ್ರೊಸೆಸರ್, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್. ಪ್ರೊಸೆಸರ್‌ನ ಹೆಸರಿಗೆ ಹೆಚ್ಚು ಹಣ ಕೊಟ್ಟು, ಉಳಿದಲ್ಲೆಲ್ಲ ಅಗ್ಗದ್ದನ್ನು ಆರಿಸಿದ್ದೆವು. ಎರಡು ವರ್ಷದ ನಂತರ ಗ್ರಾಫಿಕ್ಸ್ ಕಾರ್ಡ್ ಸೇರಿಸಲು ಹೊರಟಾಗ ಆ ಮದರ್‌ಬೋರ್ಡ್‌ನಲ್ಲಿ ಅದಕ್ಕೆ ಬೇಕಾದ ಎಜಿಪಿ ಕಿಂಡಿಯೇ ಇಲ್ಲವೆಂದು ತಿಳಿಯಿತು. ರ‍್ಯಾಮ್ ಹೆಚ್ಚಿಸಲು ಹೋದರೆ ಅಷ್ಟರಲ್ಲಿ ಅಂಗಡಿಗಳಲ್ಲೆಲ್ಲ ಡಿಡಿಆರ್ 2 ತುಂಬಿತ್ತು. ನಮಗೆ ಬೇಕಾದ ಹಳೆಯ ಬಗೆಯದು ಹುಡುಕಿ ಕೊಳ್ಳಬೇಕಾದ, ಹೊಸದಕ್ಕಿಂತ ದುಬಾರಿಯಾದ ವಸ್ತುವಾಗಿತ್ತು. ಕೊನೆಗೊಂದು ಮಳೆಗಾಲದ ಸಂಜೆ ವಿದ್ಯುತ್ ಹೋಗಿ ಮರಳಿದ ಕ್ಷಣದಲ್ಲಿ ಎಸ್‌ಎಂಪಿಎಸ್ ಸದ್ದು ಮಾಡಿ ಸುಟ್ಟಿತು. ಜೊತೆಗೆ ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕ್ ಕೂಡ ಹೋದವು. ಅಕ್ಕನ ಪದವಿ ಪ್ರಾಜೆಕ್ಟ್ ವರದಿ ಅದರಲ್ಲಿಯೇ ಇತ್ತು. ಬೇರೆಡೆ ಪ್ರತಿ ಇರಲಿಲ್ಲ. ಸಲ್ಲಿಕೆಗೆ ಹನ್ನೊಂದು ದಿನ ಉಳಿದಿರುವಾಗ ಆಕೆ ಅದನ್ನು ಕೈಬರಹದ ಟಿಪ್ಪಣಿಗಳಿಂದ ಮತ್ತೆ ಬರೆದಳು.

ಆ ಚೀಟಿಯಲ್ಲಿ ನಾವು ಉಳಿಸಿದ್ದು ಕೆಲವು ನೂರು ರೂಪಾಯಿ. ಯಾವ ಸಾಲಿನಲ್ಲಿ ಉಳಿಸಬಾರದೋ ಅದೇ ಸಾಲಿನಲ್ಲಿ ಉಳಿಸಿದ್ದೆವು.

ಮದರ್‌ಬೋರ್ಡ್ ಎಂಬ ಅಡಿಪಾಯ

ಮುಂದೆ ಏನೇನು ಸೇರಿಸಬಹುದು ಎಂಬುದನ್ನು ನಿರ್ಧರಿಸುವುದು ಮದರ್‌ಬೋರ್ಡ್. ಆದ್ದರಿಂದ ಆಯ್ಕೆಯನ್ನು ಇಲ್ಲಿಂದ ಆರಂಭಿಸುವುದು ಲೇಸು. ನೋಡಬೇಕಾದ ಅಂಶಗಳು ನಾಲ್ಕು.

ಮೊದಲನೆಯದು ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಸ್ಥಾನ. ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ನಿದರ್ಶನ. ಈ ಸಾಕೆಟ್‌ನ ಮೊದಲ ರೈಜೆನ್ ಪ್ರೊಸೆಸರ್‌ಗಳು 2017ರಲ್ಲಿ ಬಂದವು. ಆ ವರ್ಷ ಕೊಂಡ ಹಲವು ಮದರ್‌ಬೋರ್ಡ್‌ಗಳಲ್ಲಿ ರೈಜೆನ್ 5000 ಸರಣಿಯ ಪ್ರೊಸೆಸರ್ ಕೂರಿಸಲು 2022ರಲ್ಲಿ ಅವಕಾಶ ದೊರೆಯಿತು. ಬೋರ್ಡ್‌ನೊಳಗಿನ ಬಯೋಸ್ ತಂತ್ರಾಂಶವನ್ನು ನವೀಕರಿಸಿದರೆ ಸಾಕಾಗಿತ್ತು. ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. 2017ರಲ್ಲಿ ಬಂದ ಇಂಟೆಲ್‌ನ ಎಂಟನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಸಾಕೆಟ್‌ನ ಹೆಸರು ಹಿಂದಿನ ಎರಡು ತಲೆಮಾರುಗಳದ್ದೇ ಆಗಿದ್ದರೂ ಅವು ಹಳೆಯ ಬೋರ್ಡ್‌ಗಳಲ್ಲಿ ಕೆಲಸ ಮಾಡಲಿಲ್ಲ. ಹೊಸ ಚಿಪ್‌ಸೆಟ್ ಬೇಕಾಯಿತು. ಆದ್ದರಿಂದ ಸಾಕೆಟ್ ಒಂದೇ ಎಂಬ ಮಾತನ್ನಷ್ಟೇ ನಂಬದೆ, ಬೋರ್ಡ್ ತಯಾರಕರ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್‌ನ ಹೆಸರಿದೆಯೇ ಎಂದು ನೋಡಬೇಕು.

ಎರಡನೆಯದು ಮೆಮೊರಿಯ ಬಗೆ. ಡಿಡಿಆರ್ 4 ಮತ್ತು ಡಿಡಿಆರ್ 5 ಎರಡಕ್ಕೂ 288 ಸಂಪರ್ಕ ಬಿಂದುಗಳಿದ್ದರೂ ನಡುವಿನ ಕಚ್ಚಿನ ಸ್ಥಾನ ಬೇರೆ. ಒಂದರ ಕಿಂಡಿಯಲ್ಲಿ ಇನ್ನೊಂದು ಕೂರುವುದಿಲ್ಲ. ಬಲವಂತವಾಗಿ ಒತ್ತಿದರೆ ಬೋರ್ಡ್ ಹಾಳಾಗುತ್ತದೆ. ಎಎಂ4 ಬೋರ್ಡ್‌ಗಳದು ಡಿಡಿಆರ್ 4. ಎಎಂ5 ಹಾಗೂ ಇಂಟೆಲ್‌ನ ಎಲ್‌ಜಿಎ 1851 ಸಾಕೆಟ್‌ನವು ಡಿಡಿಆರ್ 5. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನಲ್ಲಿ ಎರಡೂ ಬಗೆಯ ಬೋರ್ಡ್‌ಗಳಿವೆಯಾದ್ದರಿಂದ ಅಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹಳೆಯ ಯಂತ್ರದಲ್ಲಿ ಒಳ್ಳೆಯ ಡಿಡಿಆರ್ 4 ರ‍್ಯಾಮ್ ಇದ್ದರೆ, ಅದನ್ನೇ ಬಳಸಿಕೊಳ್ಳುವ ಬೋರ್ಡ್ ಆರಿಸಿ ಹಣ ಉಳಿಸಬಹುದು. ಲ್ಯಾಪ್‌ಟಾಪ್‌ನ ರ‍್ಯಾಮ್ ಮಾತ್ರ ಗಾತ್ರದಲ್ಲಿ ಚಿಕ್ಕದು, ಡೆಸ್ಕ್‌ಟಾಪ್‌ನ ಕಿಂಡಿಗೆ ಹೊಂದುವುದಿಲ್ಲ.

ಮೂರನೆಯದು ಖಾಲಿ ಕಿಂಡಿಗಳ ಸಂಖ್ಯೆ. ರ‍್ಯಾಮ್‌ಗೆ ಎರಡೋ ನಾಲ್ಕೋ? ಎಸ್‌ಎಸ್‌ಡಿ ಕೂರಿಸುವ ಎಂ.2 ಕಿಂಡಿ ಒಂದೋ ಎರಡೋ? ಹಾರ್ಡ್ ಡಿಸ್ಕ್‌ಗೆ ಸಾಟಾ ಪೋರ್ಟ್ ಎಷ್ಟು? ಕೆಲವು ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಕಿಂಡಿಯನ್ನು ಬಳಸಿದರೆ ಸಾಟಾ ಪೋರ್ಟ್‌ಗಳಲ್ಲಿ ಒಂದೆರಡು ಕೆಲಸ ನಿಲ್ಲಿಸುತ್ತವೆ. ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ.

ನಾಲ್ಕನೆಯದು ಅಳತೆ. ಎಟಿಎಕ್ಸ್ ಬೋರ್ಡ್ 305ಕ್ಕೆ 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244ಕ್ಕೆ 244 ಮಿ.ಮೀ. ಮನೆಬಳಕೆಗೆ ಎರಡನೆಯದು ಸಾಲುತ್ತದೆ. ಕ್ಯಾಬಿನೆಟ್ ಕೊಳ್ಳುವಾಗ ಗಾಜಿನ ಬಾಗಿಲು, ಬಣ್ಣದ ದೀಪಗಳಿಗಿಂತ ಗಾಳಿಯಾಡುವ ಜಾಲರಿ ಮುಖ್ಯ.

ಪ್ರೊಸೆಸರ್: ಹೆಸರಿನ ಕೊನೆಯ ಅಕ್ಷರ

ಮೊದಲ ಗಣಕಕ್ಕೆ, ತನ್ನೊಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೊಳ್ಳುವುದು ಜಾಣತನ. ಆಗ ಪ್ರತ್ಯೇಕ ಕಾರ್ಡ್ ಇಲ್ಲದೆಯೇ ಪರದೆಯಲ್ಲಿ ಚಿತ್ರ ಮೂಡುತ್ತದೆ. ಇಂಟೆಲ್ ಪ್ರೊಸೆಸರ್‌ನ ಹೆಸರು ‘ಎಫ್’ ಅಕ್ಷರದಿಂದ ಕೊನೆಗೊಂಡರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಎಎಂಡಿಯ ಎಎಂ4 ಸಾಲಿನಲ್ಲಿ ಸಾಮಾನ್ಯವಾಗಿ ‘ಜಿ’ ಅಕ್ಷರವಿದ್ದರೆ ಮಾತ್ರ ಇದೆ. ರೈಜೆನ್ 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಅಗ್ಗವೆಂದು ಎಫ್ ಬಗೆಯದನ್ನು ತಂದು, ಮನೆಯಲ್ಲಿ ಕಪ್ಪು ಪರದೆಯ ಮುಂದೆ ಕುಳಿತವರು ಕಡಿಮೆಯಿಲ್ಲ.

ರ‍್ಯಾಮ್: ಒಂದೋ ಎರಡೋ?

16 ಜಿಬಿ ಬೇಕೆಂದರೆ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಬಹುದು, 16 ಜಿಬಿಯ ಒಂದನ್ನೂ ಹಾಕಬಹುದು. ಜೋಡಿಯಾಗಿ ಹಾಕಿದಾಗ ಪ್ರೊಸೆಸರ್ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಮೆಮೊರಿಯನ್ನು ತಲುಪುವುದರಿಂದ ವೇಗ ಹೆಚ್ಚುತ್ತದೆ. ಒಳಗಿನ ಗ್ರಾಫಿಕ್ಸ್ ಬಳಸಿ ಆಟವಾಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಪತ್ರ ಬರೆಯಲು, ಲೆಕ್ಕ ಹಾಕಲು, ಅಂತರಜಾಲ ಜಾಲಾಡಲು ಬಳಸುವವರಿಗೆ ಅಷ್ಟಾಗಿ ತಿಳಿಯದು.

ಬೋರ್ಡ್‌ನಲ್ಲಿ ಎರಡೇ ಕಿಂಡಿಗಳಿದ್ದು, ಹಣ ಸಾಲದಿದ್ದರೆ ಒಂದೇ ಪಟ್ಟಿ ಹಾಕಿ ಇನ್ನೊಂದು ಕಿಂಡಿಯನ್ನು ಖಾಲಿ ಬಿಡುವುದು ವಿಹಿತ. ಬೆಲೆ ಇಳಿದಾಗ ಅದೇ ಬಗೆಯ, ಅದೇ ವೇಗದ ಇನ್ನೊಂದನ್ನು ಸೇರಿಸಬಹುದು. ಬೇರೆ ಬೇರೆ ವೇಗದವನ್ನು ಬೆರೆಸಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಯಂತ್ರ ಅಸ್ಥಿರವಾಗುತ್ತದೆ. ಹಳೆಯ ರ‍್ಯಾಮ್ ಕೊಳ್ಳುವವರು ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ, ಒಂದು ದೋಷ ಕಂಡರೂ ಹಿಂದಿರುಗಿಸುವ ಮಾತಿನ ಮೇಲೆ ಕೊಳ್ಳಬೇಕು.

ಎಸ್‌ಎಂಪಿಎಸ್: ಅಲಕ್ಷಿತ ಆದರೆ ಅತಿಮುಖ್ಯ

ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವುದು ಎಸ್‌ಎಂಪಿಎಸ್. ಅದು ಕೆಟ್ಟರೆ ತನ್ನೊಡನೆ ಇತರ ಭಾಗಗಳನ್ನೂ ಕೆಡಿಸಬಲ್ಲದು. ಕ್ಯಾಬಿನೆಟ್ ಜೊತೆಗೆ ಪುಕ್ಕಟೆಯಾಗಿ ಬರುವ ಹಗುರ ಡಬ್ಬಗಳ ಮೇಲೆ ಬರೆದ ವ್ಯಾಟ್ ಸಂಖ್ಯೆಯನ್ನು ನಂಬುವಂತಿಲ್ಲ.

ಎಷ್ಟು ವ್ಯಾಟ್ ಬೇಕು? ಲೆಕ್ಕ ಸರಳವಾಗಿದೆ. 65 ವ್ಯಾಟ್ ಎಂದು ನಮೂದಿಸಿದ ಪ್ರೊಸೆಸರ್ ಒತ್ತಡದ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಎಳೆಯುವುದುಂಟು. ಅದಕ್ಕೆ 100 ವ್ಯಾಟ್ ಎಂದಿಟ್ಟುಕೊಳ್ಳೋಣ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಇನ್ನೊಂದು 50. ಇಂದಿನ ಅಗತ್ಯ 150 ವ್ಯಾಟ್. ಮುಂದೆ 170 ವ್ಯಾಟ್‌ನ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಒಟ್ಟು 320. ಅಲ್ಪಾವಧಿಯ ಏರಿಕೆಗೆ ಅವಕಾಶ ಬಿಟ್ಟು 500ರಿಂದ 550 ವ್ಯಾಟ್‌ನ, ‘80 ಪ್ಲಸ್’ ಪ್ರಮಾಣಪತ್ರವಿರುವ, ಹಲವು ವರ್ಷಗಳ ವಾರಂಟಿ ಕೊಡುವ ಕಂಪನಿಯದನ್ನು ಕೊಂಡರೆ ಮುಂದೆ ಬದಲಿಸುವ ಪ್ರಮೇಯ ಬಾರದು. ಗ್ರಾಫಿಕ್ಸ್ ಕಾರ್ಡ್‌ಗೆ ಕಿಂಡಿಯ ಮೂಲಕ ದೊರೆಯುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದಲೇ ಪ್ರತ್ಯೇಕ ತಂತಿ ಬೇಕು. ಆ ತಂತಿ ಇದೆಯೇ ಎಂದು ಕೊಳ್ಳುವಾಗಲೇ ನೋಡಬೇಕು.

ಮನೆಯ ಪ್ಲಗ್‌ನಲ್ಲಿ ಅರ್ತಿಂಗ್ ಸರಿಯಾಗಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್‌ರಿಂದ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದರೆ ಅದು ಅರ್ತಿಂಗ್ ದೋಷದ ಸೂಚನೆಯಾಗಿರಬಹುದು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರಬಲ್ಲ ಭಾರ 360 ವ್ಯಾಟ್. ವಿದ್ಯುತ್ ಹೋದಾಗ ಕೆಲಸವನ್ನು ಉಳಿಸಿ ಯಂತ್ರವನ್ನು ಮುಚ್ಚಲು ಅಷ್ಟು ಸಾಕು.

ಜೋಡಿಸುವ ಕ್ರಮ

ಅಂಗಡಿಯವರೇ ಜೋಡಿಸಿಕೊಡುತ್ತಾರಾದರೂ ಒಮ್ಮೆ ಸ್ವತಃ ಮಾಡಿದವರಿಗೆ ಮುಂದಿನ ವಿಸ್ತರಣೆಯ ಭಯವಿರುವುದಿಲ್ಲ. ಬೇಕಾದ ಸಲಕರಣೆ ಒಂದು ಸ್ಟಾರ್ ತುದಿಯ ಸ್ಕ್ರೂಡ್ರೈವರ್ ಅಷ್ಟೆ. ಆಗಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿದ್ದರೆ ಮೈಯಲ್ಲಿನ ಸ್ಥಾಯಿ ವಿದ್ಯುತ್ ಹರಿದುಹೋಗುತ್ತದೆ. ಬೇಸಿಗೆಯ ಒಣಹವೆಯಲ್ಲಿ ಈ ಎಚ್ಚರಿಕೆ ಹೆಚ್ಚು ಅಗತ್ಯ.

ಮದರ್‌ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಕೂರಿಸಬೇಕು. ಪ್ರೊಸೆಸರ್‌ನ ಮೂಲೆಯ ತ್ರಿಕೋನ ಗುರುತು ಸಾಕೆಟ್‌ನ ಗುರುತಿಗೆ ಹೊಂದಿದರೆ ಅದು ತಾನಾಗಿಯೇ ಕೂರುತ್ತದೆ, ಒತ್ತುವ ಅಗತ್ಯವಿಲ್ಲ. ಅದರ ಮೇಲೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ಇಟ್ಟು ಕೂಲರ್ ಬಿಗಿಯಬೇಕು. ಕೆಲವು ಕೂಲರ್‌ಗಳಿಗೆ ಪೇಸ್ಟ್ ಮೊದಲೇ ಹಚ್ಚಿರುತ್ತಾರೆ. ನಾಲ್ಕು ರ‍್ಯಾಮ್ ಕಿಂಡಿಗಳಿದ್ದು ಪಟ್ಟಿಗಳು ಎರಡೇ ಆದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಕಿಂಡಿಯನ್ನು ಬಳಸಬೇಕು.

ಕ್ಯಾಬಿನೆಟ್‌ನೊಳಗೆ ಬೋರ್ಡ್ ಇಡುವ ಮುನ್ನ ಹಿತ್ತಾಳೆಯ ಚಿಕ್ಕ ಕಂಬಗಳು ಸರಿಯಾದ ರಂಧ್ರಗಳಲ್ಲಿವೆಯೇ ಎಂದು ನೋಡಬೇಕು. ಅವಿಲ್ಲದೆ ಬೋರ್ಡ್ ತಗಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ನಂತರ 24 ಪಿನ್ನಿನ ಮುಖ್ಯ ತಂತಿ ಹಾಗೂ ಪ್ರೊಸೆಸರ್‌ಗೆಂದೇ ಇರುವ ನಾಲ್ಕು ಅಥವಾ ಎಂಟು ಪಿನ್ನಿನ ತಂತಿ. ಬೋರ್ಡ್‌ನ ಮೇಲ್ಮೂಲೆಯಲ್ಲಿರುವ ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಫ್ಯಾನ್ ತಿರುಗಿಯೂ ಪರದೆ ಬೆಳಗದಿದ್ದರೆ ಮೊದಲು ನೋಡಬೇಕಾದ ಸ್ಥಳಗಳಲ್ಲಿ ಇದೂ ಒಂದು. ಡಿಡಿಆರ್ 5 ಯಂತ್ರಗಳು ಮೊದಲ ಬಾರಿ ಚಾಲೂ ಆಗುವಾಗ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಆಗ ಪರದೆ ಕಪ್ಪಾಗಿದ್ದರೆ ಗಾಬರಿಯಾಗಿ ಸ್ವಿಚ್ ಆರಿಸಬಾರದು.

ವಿಸ್ತರಣೆಯ ಮೆಟ್ಟಿಲುಗಳು

ಬಹುಪಾಲು ಮನೆಗಳಿಗೆ ಹೊಂದುವ ಕ್ರಮವಿದು. ಮೊದಲು ಎರಡನೆಯ ರ‍್ಯಾಮ್. ಅದನ್ನು ಆ ಬಗೆ ಮಾರುಕಟ್ಟೆಯಿಂದ ಮರೆಯಾಗುವ ಮುನ್ನವೇ ಕೊಳ್ಳಬೇಕು. ಬಳಿಕ ಕಡತಗಳ ಪ್ರತಿ ಇಡಲು ಇನ್ನೊಂದು ಡಿಸ್ಕ್. ಸಾಟಾ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 550 ಎಂಬಿ. ಎಂ.2 ಕಿಂಡಿಯ ಎನ್‌ವಿಎಂಇ ಎಸ್‌ಎಸ್‌ಡಿಯದು ಅದರ ಹಲವು ಪಟ್ಟು. ಆದರೆ ಪ್ರತಿ ಇಡುವ ಕೆಲಸಕ್ಕೆ ನಿಧಾನದ ಹಾರ್ಡ್ ಡಿಸ್ಕ್ ಸಾಕು. ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡುವುದೇ ಕ್ಷೇಮ.

ಮೂರನೆಯದು, ಅಗತ್ಯವಿದ್ದರೆ ಮಾತ್ರ, ಗ್ರಾಫಿಕ್ಸ್ ಕಾರ್ಡ್. ಅದನ್ನು ಸೇರಿಸಿದ ಮೇಲೆ ಮಾನಿಟರ್‌ನ ತಂತಿಯನ್ನು ಬೋರ್ಡ್‌ನಿಂದ ತೆಗೆದು ಕಾರ್ಡ್‌ಗೆ ಸಿಕ್ಕಿಸಬೇಕೆಂಬುದನ್ನು ಮರೆಯಬಾರದು. ಕೊನೆಯದು ಪ್ರೊಸೆಸರ್. ಹೊಸದನ್ನು ಕೂರಿಸುವ ಮುನ್ನವೇ ಬಯೋಸ್ ನವೀಕರಿಸಬೇಕು. ನವೀಕರಣದ ನಡುವೆ ವಿದ್ಯುತ್ ಹೋದರೆ ಬೋರ್ಡ್ ನಿಷ್ಪ್ರಯೋಜಕವಾಗುವ ಅಪಾಯವಿದ್ದುದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ತರವಲ್ಲ. ಎಸ್‌ಎಂಪಿಎಸ್ ಬದಲಿಸುವ ಸಂದರ್ಭ ಬಂದರೆ ಹಳೆಯದರ ಬಿಡಿಸಬಹುದಾದ ತಂತಿಗಳನ್ನು ಹೊಸದಕ್ಕೆ ಬಳಸಲೇಬಾರದು. ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಡಿಸ್ಕ್ ಸುಟ್ಟುಹೋಗಬಹುದು.

ಬಿಲ್ ಎಂಬ ಕಾಗದ

ಜಿಎಸ್‌ಟಿ ತಪ್ಪಿಸಲು ಬಿಲ್ ಇಲ್ಲದೆ ಕೊಳ್ಳುವಂತೆ ಸಲಹೆ ಬರುವುದುಂಟು. ಬಿಡಿಭಾಗಗಳಿಗೆ ಒಂದೊಂದಕ್ಕೂ ಬೇರೆ ಬೇರೆ ವಾರಂಟಿ ಇದೆ. ಪೆಟ್ಟಿಗೆಯಲ್ಲಿ ಮಾರುವ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್‌ಗೆ ಅದಕ್ಕಿಂತ ಹೆಚ್ಚೂ ಉಂಟು. ಬಿಲ್ ಇಲ್ಲದಿದ್ದರೆ ಆ ಹಕ್ಕನ್ನು ಸಾಧಿಸುವುದು ಕಷ್ಟ. ಪ್ರತಿ ಭಾಗದ ಕ್ರಮಸಂಖ್ಯೆ ಬರೆದ ಬಿಲ್ ಕೇಳಿ ಪಡೆಯಬೇಕು. ಅಂತೆಯೇ ಪರವಾನಗಿಯಿಲ್ಲದ ವಿಂಡೋಸ್ ಹಾಕಿಸಿಕೊಳ್ಳುವ ಬದಲು ಉಚಿತವಾದ ಲಿನಕ್ಸ್ ಬಳಸಬಹುದು. ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡುವ ಸೌಲಭ್ಯ ಎರಡರಲ್ಲಿಯೂ ಇದೆ.

ಹಾಗಾದರೆ ಅಂಗಡಿಯವರ ಚೀಟಿಯಲ್ಲಿ ಯಾವ ಸಾಲನ್ನು ಕತ್ತರಿಸಬಹುದು? ಗ್ರಾಫಿಕ್ಸ್ ಕಾರ್ಡ್, ಎರಡನೆಯ ರ‍್ಯಾಮ್, ಗಾಜಿನ ಕ್ಯಾಬಿನೆಟ್, ಪ್ರೊಸೆಸರ್‌ನ ಒಂದು ದರ್ಜೆ ಇವುಗಳನ್ನು ನಿಶ್ಚಿಂತೆಯಿಂದ ಮುಂದೂಡಬಹುದು. ಮದರ್‌ಬೋರ್ಡ್, ಎಸ್‌ಎಂಪಿಎಸ್, ಬಿಲ್ ಈ ಮೂರನ್ನು ಮುಟ್ಟಬಾರದು.

2017ರಲ್ಲಿ ನಾನೇ ಕುಳಿತು ಜೋಡಿಸಿದ ಎರಡನೆಯ ಯಂತ್ರದಲ್ಲಿ ಈ ನಿಯಮವನ್ನು ಪಾಲಿಸಿದೆ. ಅಗ್ಗದ ರೈಜೆನ್ ಪ್ರೊಸೆಸರ್, ಒಂದೇ ಪಟ್ಟಿ ರ‍್ಯಾಮ್, ಒಳ್ಳೆಯ ಎಸ್‌ಎಂಪಿಎಸ್. ಎರಡು ವರ್ಷದ ನಂತರ ರ‍್ಯಾಮ್ ಸೇರಿತು. ಮೂಲ ಪ್ರೊಸೆಸರ್ ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿರಲಿಲ್ಲ. 2022ರಲ್ಲಿ ಬಯೋಸ್ ನವೀಕರಿಸಿ ರೈಜೆನ್ 5000 ಸರಣಿಯದನ್ನು ಕೂರಿಸಿದ ಮೇಲೆ ಆ ತೊಡಕೂ ಕಳೆಯಿತು. ಬೋರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಅವೇ ಇವೆ. ಈಗ ಆ ಯಂತ್ರ ಅಕ್ಕನ ಮನೆಯಲ್ಲಿದೆ, ಆಕೆಯ ಮಗಳು ಶಾಲೆಯ ಕೆಲಸಕ್ಕೆ ಬಳಸುತ್ತಾಳೆ. ಪ್ರತಿ ಭಾನುವಾರ ಕಡತಗಳ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಡುವ ಕೆಲಸವನ್ನು ಮಾತ್ರ ಅಕ್ಕ ಯಾರಿಗೂ ಬಿಟ್ಟುಕೊಟ್ಟಿಲ್ಲ.